ಹತ್ತನೆಯ ಸಾಲು

ಜೆಲ್ಲಿನ ನೀಲಿ ಬಣ್ಣ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಆದರೂ ಅದು ಕಾಣುತ್ತಿತ್ತು. ಅವನು ಟ್ರೇಯನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ಬಗ್ಗಿದ. ವಿನಿಗರ್ ಘಾಟು ಮೂಗಿಗೆ ಹೊಡೆಯಿತು. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ ಹಾಕಿಕೊಂಡ. ಜೆಲ್ಲನ್ನು ಮಗುಚಿ ಇಟ್ಟುಬಿಟ್ಟಿದ್ದೇನೋ ಎಂದು ಮೂಲೆಯಲ್ಲಿ ತಾನೇ ಕತ್ತರಿಸಿದ್ದ ಗುರುತು ಹುಡುಕಿದ. ಗುರುತು ಇರಬೇಕಾದ ಕಡೆಯೇ ಇತ್ತು. ಬೆರಳಿಟ್ಟು ಸಾಲುಗಳನ್ನು ಎಣಿಸಿದ, ಮತ್ತೆ ಎಣಿಸಿದ. ಹತ್ತನೆಯ ಸಾಲು ಹತ್ತನೆಯದೇ ಆಗಿತ್ತು. ಅದರೊಳಗೆ, ನಡುಮಟ್ಟಕ್ಕಿಂತ ಒಂದು ಬೆರಳು ಕೆಳಗೆ, ಅಳಿಯ ಕಾಲು ಚಾಚಿ ಕೂತಿದ್ದ.

ಅವನು ಮಾಡುವ ಕೆಲಸ ಏನು ಅಂತ ಹೇಳುವುದು ಸುಲಭ. ಅದರಿಂದ ಯಾರಿಗೆ ಏನು ಉಪಯೋಗ ಅಂತ ಹೇಳುವುದೇ ಕಷ್ಟ. ಮನುಷ್ಯನ ರಕ್ತದಿಂದ ಬಿಳಿ ಕಣಗಳನ್ನು ಬೇರೆ ಮಾಡುವುದು. ಅರ್ಧ ಪಾಲನ್ನು ಅದರ ಪಾಡಿಗೆ ಬಿಡುವುದು, ಇನ್ನರ್ಧಕ್ಕೆ ಮದ್ದು ಸುರಿದು ಕೆರಳಿಸುವುದು. ರೋಗದ ಎದುರು ಕಾದಾಡಬೇಕಾದ ಆ ಕಣಗಳು ಕೆರಳಿದಾಗ ಒಳಗಿನ ಪ್ರೋಟೀನುಗಳಲ್ಲಿ ಯಾವುದು ಹೆಚ್ಚಾಯಿತು, ಯಾವುದು ಕಡಿಮೆಯಾಯಿತು, ಹೊಸದೇನಾದರೂ ಹುಟ್ಟಿತೇ ಅಂತ ನೋಡುವುದು. ನೋಡುವುದಕ್ಕೆ ಈ ಜೆಲ್ಲು. ಎರಡು ಗಾಜಿನ ನಡುವೆ ಹೆಪ್ಪುಗಟ್ಟಿಸಿದ, ಅಂಗೈಯಗಲದ, ಮುಟ್ಟಿದರೆ ನಡುಗುವ ಹಾಳೆ. ಮೇಲಂಚಿನಲ್ಲಿ ಬಾಚಣಿಗೆ ಊರಿ ತೆಗೆದ ಹತ್ತು ಕುಳಿ. ಕಣಗಳನ್ನು ಸೋಪಿನ ನೀರಲ್ಲಿ ಕುದಿಸಿ ಒಂದೊಂದು ಕುಳಿಗೂ ಒಂದೊಂದು ಹನಿ ಇಳಿಸಿ ಕರೆಂಟು ಕೊಟ್ಟರೆ ಪ್ರೋಟೀನುಗಳು ಕೆಳಕ್ಕೆ ಓಡುತ್ತವೆ. ಸಣ್ಣವು ಸಂದಿಯಲ್ಲಿ ನುಸುಳಿ ಮುಂದೆ ಹೋಗುತ್ತವೆ, ದಢೂತಿಗಳು ಏದುಸಿರು ಬಿಡುತ್ತ ಹಿಂದೆ ಉಳಿಯುತ್ತವೆ. ಕರೆಂಟು ನಿಲ್ಲಿಸಿ, ನೀಲಿ ಬಣ್ಣ ಹಾಕಿ, ತೊಳೆದರೆ ಯಾವುದು ಎಲ್ಲಿ ನಿಂತಿತ್ತೋ ಅಲ್ಲೊಂದು ಗೆರೆ, ಒಂದೊಂದು ಕುಳಿಯ ಕೆಳಗೆ ಗೆರೆಗಳ ಒಂದೊಂದು ಸಾಲು. ಹೀಗೆ ಗೆರೆ ನೋಡಿ ನೋಡಿ ಅವನ ಹಣೆಯ ಮೇಲೂ ಗೆರೆ ಮೂಡಿದ್ದವು. ಅವುಗಳಿಗೆ ಯಾರೂ ಬಣ್ಣ ಹಾಕಿ ನೋಡಿರಲಿಲ್ಲ.

ಆ ಗೆರೆಗಳ ಪೈಕಿ ಒಂದು, ಕೆರಳಿಸಿದ ಕಣಗಳ ಸಾಲಿನಲ್ಲಿ ಮಾತ್ರ ಬರುತ್ತಿತ್ತು. ಸುಮ್ಮನಿದ್ದ ಕಣಗಳಲ್ಲಿ ಅದರ ಸುಳಿವೇ ಇಲ್ಲ. ಅದಕ್ಕೆ ಅಳಿಯ ಅಂತ ಹೆಸರಿಟ್ಟವಳು ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದ ವಟವಟ. ಅವಳ ಹೆಸರನ್ನೂ ಬೇರೆಯವರೇ ಇಟ್ಟದ್ದು, ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. "ನೋಡಿ ಸಾರ್, ಮಾಮೂಲಿ ದಿನ ಈ ಕಡೆ ತಲೆ ಹಾಕಲ್ಲ, ನಾವು ಸಡಗರ ಮಾಡಿದ ದಿನ ತಪ್ಪದೆ ಬಂದು ನಡುಮನೇಲಿ ಕೂರ್ತಾನೆ. ಬಂದ ಅಂದ್ರೆ ಮನೆಮಂದಿಯೆಲ್ಲ ಎದ್ದು ನಿಲ್ಲಬೇಕು" ಎಂದಿದ್ದಳು. ನಿಜವಾಗಿ ಎಲ್ಲರೂ ಎದ್ದು ನಿಂತಿದ್ದರು. ದೊಡ್ಡವರು, ಅಂದರೆ ಲ್ಯಾಬಿನ ಮುಖ್ಯಸ್ಥರು, ಅಳಿಯನನ್ನು ಹಿಡಿದುಕೊಂಡು ದೇಶ ವಿದೇಶದ ಸಭೆಗಳಿಗೆ ಹೋಗಿ ಬಂದಿದ್ದರು. ಜಗತ್ತಿನಲ್ಲಿ ಯಾರೂ ಕಂಡಿರದ ಪ್ರೋಟೀನು ಅಂದಿದ್ದರು. ಅದಕ್ಕೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಒಂದು ಹೆಸರನ್ನೂ ಯೋಚಿಸಿಟ್ಟಿದ್ದರು. ಇವತ್ತು ಮಧ್ಯಾಹ್ನ ಊಟವಾದ ಮೇಲೆ ಸಮಿತಿಯವರು ಬರುವವರಿದ್ದರು. ಅವರು ಅಳಿಯನನ್ನು ನೋಡಿ ಮೆಚ್ಚಿದರೆ ಲ್ಯಾಬು ಉಳಿಯುತ್ತದೆ, ಹನ್ನೊಂದು ವರ್ಷದಿಂದ ತಾತ್ಕಾಲಿಕ ಅನ್ನಿಸಿಕೊಂಡ ಅವನು ಕಾಯಂ ಆಗುತ್ತಾನೆ. ಮೆಚ್ಚದಿದ್ದರೆ, ನಲವತ್ತೇಳನೆಯ ವಯಸ್ಸಿನಲ್ಲಿ ಜೆಲ್ಲಿಗೆ ಹನಿ ಇಳಿಸುವುದೊಂದು ಬಿಟ್ಟು ಮತ್ತೇನೂ ಬಾರದ ಅವನು ಬೀದಿಗೆ.

ಆದರೆ ಹತ್ತನೆಯ ಸಾಲಿನಲ್ಲಿ ಕಣವೇ ಇರಲಿಲ್ಲ. ಒಂದು ತೊಟ್ಟು ರಕ್ತವೂ ಇರಲಿಲ್ಲ. ನಿನ್ನೆ ನಾಲ್ಕರಲ್ಲಿ ಸುಮ್ಮನಿದ್ದ ಕಣ, ನಾಲ್ಕರಲ್ಲಿ ಕೆರಳಿಸಿದ್ದು, ಒಂದರಲ್ಲಿ ಅಳತೆಗೆ ಇಡುವ ಪ್ರೋಟೀನು, ಹೀಗೆ ಒಂಬತ್ತು ಕುಳಿ ತುಂಬಿ ಒಂದು ಉಳಿದಿತ್ತು. ಕುಳಿಯನ್ನು ಖಾಲಿ ಬಿಡುವ ಹಾಗಿಲ್ಲ. ಬಿಟ್ಟರೆ, ಖಾಲಿ ಸೈಟು ಕಂಡ ನೆರೆಮನೆಯವನು ಬೇಲಿ ಸರಿಸುವ ಹಾಗೆ ಪಕ್ಕದ ಸಾಲು ಅದರ ಕಡೆ ವಾಲುತ್ತದೆ, ಚಿತ್ರ ಕೆಡುತ್ತದೆ. ಬರೀ ಸೋಪಿನ ನೀರು ಹಾಕಿ ತುಂಬುವುದು ವಾಡಿಕೆ. ಅವನ ಕೈಯಲ್ಲಿ ಮದ್ದಿನ ಶೀಸೆ ಇತ್ತು, ತಳದಲ್ಲಿ ಸ್ವಲ್ಪ ಉಳಿದಿತ್ತು, ಚೆಲ್ಲುವುದಕ್ಕೆ ಮನಸ್ಸು ಬರಲಿಲ್ಲ. ಅದನ್ನೇ ಸೋಪಿನ ನೀರಿಗೆ ಬೆರೆಸಿ, ಕುದಿಸಿ, ಹಾಕಿಬಿಟ್ಟ. ಯಾವ ಬುದ್ಧಿವಂತಿಕೆಯೂ ಇರಲಿಲ್ಲ, ಬರೀ ಜುಗ್ಗತನ. ಆ ಮದ್ದು ಹುರುಳಿಕಾಯಿ ಜಾತಿಯ ಕೆಂಪು ಬೀಜದಿಂದ ತೆಗೆದದ್ದು. ಅದೂ ಒಂದು ಪ್ರೋಟೀನು. ಅದು ಕಣಗಳ ಮೈಗೆ ಅಂಟಿಕೊಂಡೇ ಕೆರಳಿಸುವುದು. ಎಷ್ಟು ತೊಳೆದರೂ ಒಂದಿಷ್ಟು ಅಂಟಿಕೊಂಡೇ ಉಳಿಯುತ್ತದೆ. ಇದನ್ನೆಲ್ಲ ಅವನು ಎಂದೋ ಓದಿದ್ದ. ಓದಿದ್ದು ತಲೆಯ ಒಂದು ಕೋಣೆಯಲ್ಲಿತ್ತು, ಅಳಿಯ ಇನ್ನೊಂದು ಕೋಣೆಯಲ್ಲಿದ್ದ, ನಡುವಿನ ಬಾಗಿಲನ್ನು ತೆಗೆಯುವ ಅಗತ್ಯ ಇಷ್ಟು ವರ್ಷ ಯಾರಿಗೂ ಕಂಡಿರಲಿಲ್ಲ. ಈಗ ತೆರೆದಿತ್ತು. ಕಣಗಳು ಹೊಸದೇನನ್ನೂ ಹಡೆದಿರಲಿಲ್ಲ. ಲ್ಯಾಬಿನವರು ತಾವೇ ಸುರಿದ ಬೀಜದ ರಸವನ್ನು ತಾವೇ ಮತ್ತೆ ಕಂಡುಹಿಡಿದು ಊರೆಲ್ಲ ಡಂಗುರ ಹೊಡೆದಿದ್ದರು.

"ಅರೆ, ಹತ್ತನೇದ್ರಲ್ಲೂ ಅಳಿಯ ಬಂದಿದ್ದಾನಲ್ಲ ಸಾರ್!" ಭುಜದ ಹಿಂದೆಯೇ ವಟವಟಳ ಧ್ವನಿ. ಚೀಲ ಕೂಡ ಇಳಿಸಿರಲಿಲ್ಲ ಅವಳು. "ಅದ್ಯಾರ ರಕ್ತ?"

"ನಂದೇ" ಅಂದ.

"ಐದನೇ ಕುಳಿಗೂ ನಿಮ್ಮದೇ ಹಾಕಿದ್ರಾ? ನಿಮ್ಮ ರಕ್ತ ಅಂದ್ರೆ ಹಾಗೇ ಬಿಡಿ ಸಾರ್. ನಂದಂತೂ ದಂಡ. ಅವತ್ತು ನಂದು ತೆಗೆದ್ರಲ್ಲ, ಗೆರೆ ನೋಡೋಕೆ ದುರ್ಬೀನು ಬೇಕಾಗಿತ್ತು. ನಮ್ಮಮ್ಮ ಹೇಳೋದು ಸರಿ, ನಂಗೆ ಬಾಯಲ್ಲೇ ಎಲ್ಲ ಖರ್ಚಾಗುತ್ತೆ, ರಕ್ತದಲ್ಲೇನೂ ಉಳಿಯಲ್ಲ."

ಅವನು ನಕ್ಕ. ನಗು ಸರಿಯಾಗಿಯೇ ಬಂತು, ಅದೇ ಅವನಿಗೆ ಹೇಸಿಗೆಯಾಯಿತು. ಅವಳ ರಕ್ತದಲ್ಲಿ ಅವತ್ತು ಕಣಗಳು ಕಡಿಮೆ ಸಿಕ್ಕಿದ್ದವು, ಅದಕ್ಕೇ ಎಲ್ಲ ಗೆರೆಗಳೂ ಮಬ್ಬು, ಅಳಿಯನೊಬ್ಬನೇ ಅಲ್ಲ. ಅದು ಅವನಿಗೆ ಅವತ್ತೇ ಗೊತ್ತಿತ್ತು. ಆದರೆ ದೊಡ್ಡವರು ಎರಡು ಚಿತ್ರ ಪಕ್ಕ ಪಕ್ಕ ಹಿಡಿದು "ನಿನ್ನದರ ಹಾಗಲ್ಲ ಕಣಯ್ಯಾ" ಅಂದಾಗ ಅವನು ಬಾಯಿ ಬಿಟ್ಟಿರಲಿಲ್ಲ. ಮೊದಲ ಸಲ ಅವನ ರಕ್ತ ತೆಗೆದದ್ದಕ್ಕೂ ದೊಡ್ಡ ಕಾರಣವೇನೂ ಇರಲಿಲ್ಲ. ಅವತ್ತು ಲ್ಯಾಬಿನಲ್ಲಿ ಒಬ್ಬ ನೆಗಡಿಗೆ ಮಾತ್ರೆ ನುಂಗಿದ್ದ, ಇನ್ನೊಬ್ಬ ಸೂಜಿ ನೋಡಿ ಗೋಡೆ ಹಿಡಿದುಕೊಂಡಿದ್ದ, ಇವನ ನರ ಎದ್ದು ಕಾಣುತ್ತಿತ್ತು. ಆಮೇಲೆ ಅದೇ ಪದ್ಧತಿಯಾಯಿತು. ವಾರಕ್ಕೊಮ್ಮೆ ಇವನು ತೋಳು ಮಡಚಿ ಕೂರುವುದು, ಕೆಳಗಿನ ದವಾಖಾನೆಯ ನರ್ಸು ಬಂದು "ಏನ್ ಸಾರ್, ಇನ್ನೂ ಉಳಿದಿದೆಯಾ?" ಅಂತ ತೆಗೆದುಕೊಂಡು ಹೋಗುವುದು. ಅಚ್ಚಾಗುವ ಪ್ರಬಂಧಗಳಲ್ಲಿ ಅವನನ್ನು "ಆರೋಗ್ಯವಂತ ಸ್ವಯಂಸೇವಕ" ಎಂದು ಬರೆಯುತ್ತಿದ್ದರು. ನಿನ್ನ ಇಷ್ಟವೇನಯ್ಯಾ ಅಂತ ಆ ಸ್ವಯಂಸೇವಕನನ್ನು ಯಾರೂ ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದರೂ ಅವನು ಹೂಂ ಅನ್ನುತ್ತಿದ್ದ. ಅವನು ಎಲ್ಲದಕ್ಕೂ ಹೂಂ ಅನ್ನುವವನು. ಆದರೆ ರಕ್ತವನ್ನು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜು ನಿಂತ ಮೇಲೆ ನಳಿಕೆಯ ನಡುವೆ ಮೋಡದ ಉಂಗುರದ ಹಾಗೆ ಬಿಳಿ ಕಣಗಳು ತೇಲುವುದನ್ನು ಅವನು ಬೆಳಕಿಗೆ ಎತ್ತಿ ಹಿಡಿದು ನೋಡುತ್ತಿದ್ದ. ಇವು ನನ್ನವು. ಕಚೇರಿಯಲ್ಲಿ, ಬೀದಿಯಲ್ಲಿ, ಹೆಂಡತಿಯ ತವರಿನಲ್ಲಿ ನಾನು ಹೇಗೇ ಇರಲಿ, ಇವು ಕೆರಳುತ್ತವೆ. ಕೆರಳಿ, ಜಗತ್ತಿನಲ್ಲಿ ಯಾರೂ ಹಡೆಯದ ಒಂದನ್ನು ಹಡೆಯುತ್ತವೆ.

ಇದನ್ನು ಅವನು ಹೆಂಡತಿಗೆ ಹೇಳಿದ್ದ, ಇಷ್ಟು ಬಿಡಿಸಿ ಅಲ್ಲ, ಆದರೆ ಹೇಳಿದ್ದ. ಅವಳು ಬಟ್ಟೆ ಮಡಚುತ್ತಿದ್ದಳು. ಅಂಗಿಯ ತೋಳನ್ನು ಒಳಗೆ ಮಡಚಿ ಒಂದು ಏಟು ಹೊಡೆದು ಗುಡ್ಡೆಯ ಮೇಲೆ ಇಟ್ಟಳು. "ನಿಮ್ಮ ರಕ್ತ ಕೆರಳುತ್ತಾ? ರೀ, ಪಕ್ಕದ ಮನೆಯವನು ದಿನಾ ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸ್ತಾನೆ. ನೀವು ಸೈಕಲ್ ತಲೆ ಮೇಲೆ ಹೊತ್ಕೊಂಡು ಪಕ್ಕದಲ್ಲಿ ತೂರಿ ಹೋಗ್ತೀರಿ. ನಾನು ಕಿಟಕೀಲಿ ನಿಂತು ನೋಡ್ತೀನಿ. ಅವನು ಕೈ ಬೀಸಿದ್ರೆ ನೀವೂ ಕೈ ಬೀಸ್ತೀರಿ. ಸೈಕಲ್ ಹೊತ್ಕೊಂಡೇ!" ಅವನು ಹೇಳಿದ, ಅದು ಬೇರೆ, ಇದು ಕಣಗಳ ವಿಷಯ ಅಂತ. "ಆ ಕಣಗಳು ನಿಮ್ಮವೇ ತಾನೆ? ನಿಮಗೆ ಗೊತ್ತಿಲ್ಲದೆ ಅವು ಮಾತ್ರ ಗಂಡಸಾಗಿಬಿಟ್ಟವಾ? ನಿಮ್ಮೊಳಗೆ ಹೊಸದು ಹುಟ್ಟುತ್ತೆ ಅಂದ್ರೆ ನಾನಂತೂ ನಂಬಲ್ಲಪ್ಪ. ಅದ್ಯಾವುದೋ ಹೊರಗಿಂದ ಬಂದಿರಬೇಕು." ಅವಳು ತಮಾಷೆಗೆ ಅಂದದ್ದು. ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು, ವಿಜ್ಞಾನದ ಗಂಧ ಗಾಳಿ ಇಲ್ಲ. ಆದರೆ ಆ ಮಾತು ಈಗ ದೀಪದ ಪೆಟ್ಟಿಗೆಯ ಬಿಳಿ ಬೆಳಕಿನಲ್ಲಿ ಅವನ ಎದುರು ಬಂದು ನಿಂತಿತು. ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಗೊತ್ತಾಗದಿದ್ದರಿಂದ ಎಂದಿನಂತೆ ಇಳಿದುಹೋಯಿತು.

ದೊಡ್ಡವರಿಗೆ ಹೇಳಬೇಕು, ಈಗಲೇ ಹೇಳಬೇಕು ಅಂತ ಜೆಲ್ಲಿನ ಚಿತ್ರ ತೆಗೆದು ಅವರ ಕೋಣೆಗೆ ಹೋದ. ದೊಡ್ಡವರು ಕಿಟಕಿಯ ಗಾಜನ್ನೇ ಕನ್ನಡಿ ಮಾಡಿಕೊಂಡು ಕೋಟಿನ ಕಾಲರು ಎಳೆದುಕೊಳ್ಳುತ್ತ ಭಾಷಣ ಬಾಯಿಪಾಠ ಮಾಡುತ್ತಿದ್ದರು. "ಕತ್ತಲಲ್ಲಿ ಮೂಡಿದ ಒಂದೇ ಒಂದು ನೀಲಿ ಗೆರೆ" ಅನ್ನುವಲ್ಲಿಗೆ ಬಂದು ನಿಲ್ಲಿಸಿ, "ನೀಲಿ ಗೆರೆ ಅನ್ನೋದೋ ನೀಲಿ ಕಿರಣ ಅನ್ನೋದೋ?" ಅಂತ ಕೇಳಿದರು.

"ಗೆರೆ ಸಾರ್. ಸಾರ್, ಒಂದು ವಿಷಯ ಇತ್ತು."

"ಕಿರಣ ಅಂದ್ರೆ ಸಮಿತಿಯ ಮೇಡಂಗೆ ಹಿಡಿಸುತ್ತೆ. ಚಿತ್ರ ಎಲ್ಲಿ, ಕೊಡು." ಚಿತ್ರವನ್ನು ಕಂಪ್ಯೂಟರಿಗೆ ಹಾಕಿ ಅಗಲ ಮಾಡಿದರು. ಅವರ ಮುಖ ಹಸುಗೂಸನ್ನು ಕಂಡ ಅಜ್ಜನ ಮುಖವಾಯಿತು. "ಆಹಾ. ಎಷ್ಟು ದಷ್ಟಪುಷ್ಟವಾಗಿದೆ ನೋಡು. ಇಷ್ಟು ಚೆಂದ ಯಾವತ್ತೂ ಬಂದಿರಲಿಲ್ಲ. ಇದೇನಿದು, ಈ ಕೊನೇದು?"

ಬಾಯಿ ತೆರೆದ. ಕೋಣೆಯ ಮೂಲೆಯಲ್ಲಿ ಫ್ಯಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲೆ ತಿರುಗಿಸುತ್ತಿತ್ತು, ಪ್ರತಿ ಸಲ ತುದಿಯಲ್ಲಿ ಟಕ್ ಅಂತ ಸದ್ದು ಮಾಡಿ ಮನಸ್ಸು ಬದಲಾಯಿಸುತ್ತಿತ್ತು. "ಹೆಚ್ಚಿಗೆ ಹಾಕಿದ್ದು ಸಾರ್" ಎಂದ.

"ಹೆಚ್ಚಿಗೆ ಯಾಕೆ? ನಾಲ್ಕು ಸಾಲಲ್ಲಿ ಬಂದಿದೆ, ಸಾಕು. ಐದನೇದು ಅತಿಯಾಸೆ ಆಗುತ್ತೆ. ಅದರಲ್ಲಿ ಬೇರೆ ಗೆರೆನೇ ಇಲ್ಲ, ಬೋಳುಬೋಳು. ನೋಡೋರಿಗೆ ಅಂದ ಇರಲ್ಲ. ತೆಗೆದುಬಿಡು."

ಅದರಲ್ಲಿ ಬೇರೆ ಗೆರೆ ಯಾಕಿಲ್ಲ ಅಂತ ದೊಡ್ಡವರು ಕೇಳಲಿಲ್ಲ. ಇಷ್ಟು ವರ್ಷ ಪಾಠ ಹೇಳಿದ ಮನುಷ್ಯ, ಕಣ್ಣೆದುರು ನೂರಾರು ಗೆರೆಗಳಿರಬೇಕಾದ ಕಡೆ ಒಂದೇ ಒಂದು ನಿಂತಿದೆ, ಅದು ಅಂದವೋ ಅಂದಗೇಡೋ ಅಂತ ಮಾತ್ರ ನೋಡಿದರು. ಕೇಳಿ ಸಾರ್, ಒಂದು ಮಾತು ಕೇಳಿ, ನಾನು ಹೇಳಿಬಿಡುತ್ತೇನೆ ಎಂದು ಅವನ ಒಳಗಿನದು ಒದ್ದಾಡಿತು. ಅವರು ಕುರ್ಚಿ ಬಿಟ್ಟು ಎದ್ದು ಜಾಗ ಕೊಟ್ಟರು. ಅವನು ಕೂತ. ಮೌಸು ಹಿಡಿದು ಚೌಕಟ್ಟಿನ ಬಲ ಅಂಚನ್ನು ಒಳಕ್ಕೆ ಎಳೆದ. ಹತ್ತನೆಯ ಸಾಲು ಒಂದಿಷ್ಟು ಬಿಳಿಚಿ, ಆಮೇಲೆ ಇಲ್ಲವಾಯಿತು. ಕುರ್ಚಿ ದೊಡ್ಡವರ ಕಾವಿನಿಂದ ಬೆಚ್ಚಗಿತ್ತು. ಆ ಬಿಸಿ ಅವನ ತೊಡೆಗಳಿಗೆ ಹತ್ತಿ ಮೈಯೆಲ್ಲ ಅಸಹ್ಯವಾಯಿತು. "ಗುಡ್" ಅಂದರು ದೊಡ್ಡವರು. "ಏನೋ ವಿಷಯ ಇತ್ತು ಅಂದೆಯಲ್ಲ?" "ಏನಿಲ್ಲ ಸಾರ್. ಗೆರೆ ಅಂತಲೇ ಇರಲಿ ಅಂತ ಹೇಳೋಣ ಅಂತ." "ನೋಡೋಣ" ಅಂದರು, ಮತ್ತೆ ಕಿಟಕಿಯ ಕಡೆ ತಿರುಗಿದರು.

ಓಣಿಯಲ್ಲಿ ಫ್ರೀಜರುಗಳು ಸಾಲಾಗಿ ಗೊರಕೆ ಹೊಡೆಯುತ್ತಿದ್ದವು. ಅವುಗಳಲ್ಲಿ ಅವನ ರಕ್ತದ ಕಣಗಳು ಚಿಕ್ಕ ಚಿಕ್ಕ ನಳಿಕೆಗಳಲ್ಲಿ ಗಡ್ಡೆ ಕಟ್ಟಿ ಮಲಗಿದ್ದವು. ನೆಲ ಒರೆಸುವವಳು ಇವನು ಬರುವುದನ್ನು ನೋಡಿ ಬಕೆಟ್ಟು ಪಕ್ಕಕ್ಕೆ ಸರಿಸಿದಳು. ಇವನೂ ಅದೇ ಪಕ್ಕಕ್ಕೆ ಸರಿದು ಬಕೆಟ್ಟಿಗೆ ಕಾಲು ತಾಗಿಸಿ, ಕ್ಷಮಿಸಮ್ಮ ಎಂದ. ಅಕ್ಕನ ಮಗಳ ಮದುವೆಯಲ್ಲೂ ಹೀಗೇ ಯಾರದೋ ಕಾಲು ತುಳಿದು ಕ್ಷಮೆ ಕೇಳುವಾಗ ಭಾವ ಅವನನ್ನು ನಡುಸಭೆಗೆ ಎಳೆದು "ಇವನು ಯಾರು ಗೊತ್ತಾ? ನಮ್ಮ ರಕ್ತದ ಸಾಹುಕಾರ! ಇವನ ಮೈಯಲ್ಲಿ ಓಡೋದು ಜಗತ್ತಲ್ಲಿ ಯಾರ ಮೈಯಲ್ಲೂ ಓಡಲ್ಲವಂತೆ" ಅಂತ ಎಲ್ಲರಿಗೂ ಸಾರಿದ್ದರು. ಜನ ನಕ್ಕರು. ಅಕ್ಕ ನಗಲಿಲ್ಲ, ಅವಳು ನಿಜವಾಗಿ ನಂಬಿ, ಅವನ ತೋಳನ್ನು ಬಟ್ಟೆ ಅಂಗಡಿಯಲ್ಲಿ ಸೀರೆ ಮುಟ್ಟುವ ಹಾಗೆ ಮುಟ್ಟಿ ನೋಡಿದಳು. ಆ ಮುಟ್ಟಿದ ಜಾಗ ಇವತ್ತು ಚುಚ್ಚುತ್ತಿತ್ತು. ಶೌಚಾಲಯದ ಕನ್ನಡಿಯಲ್ಲಿ ಅವನು ತೋಳು ಏರಿಸಿ ಮೊಳಕೈಯ ಒಳಮಗ್ಗುಲು ನೋಡಿಕೊಂಡ. ಸೂಜಿಯ ಚುಕ್ಕೆಗಳು, ಹಳೆಯವು ಬೂದು, ಹೊಸವು ಕೆಂಪು. ಇಷ್ಟೊಂದು ತೆಗೆದರು, ಇಷ್ಟೊಂದು ಸುರಿದರು, ಇಷ್ಟು ವರ್ಷ ಕೆರಳಿಸಿದರು. ನನ್ನದು ಅಂತ ಒಂದು ಗೆರೆಯೂ ಹೊರಗೆ ಬರಲಿಲ್ಲ. ಬಂದದ್ದು ಒಂದು ಬೀಜ. ಒಂದು ತರಕಾರಿ. ಕನ್ನಡಿಯಲ್ಲಿದ್ದವನು ಒಪ್ಪಿಕೊಂಡು ತಲೆಯಾಡಿಸುತ್ತಿದ್ದ. ಅವನು ಯಾವಾಗ ತಾನೆ ಒಪ್ಪಿಕೊಳ್ಳುವುದಿಲ್ಲ!

ಊಟದ ಹೊತ್ತಿಗೆ ಹೆಂಡತಿಯ ಫೋನು ಬಂತು. ಹಿಂದೆ ಮಕ್ಕಳ ಗಲಾಟೆ. "ಏನ್ರೀ, ಬಂದ್ರಾ ಅವರು?"

"ಇನ್ನೂ ಇಲ್ಲ."

"ಧ್ವನಿ ಯಾಕೆ ಹಾಗಿದೆ? ಹೊಟ್ಟೆ ಕೆಟ್ಟಿದೆಯಾ?"

"ಇಲ್ಲ. ಒಂದು ತಪ್ಪಾಗಿದೆ. ನನ್ನಿಂದಲ್ಲ, ಅಂದ್ರೆ ಎಲ್ಲರಿಂದ. ಆ ಗೆರೆ ಇದೆಯಲ್ಲ, ಅದು ನನ್ನ ಕಣದ್ದಲ್ಲ ಕಣೇ. ನಾವೇ ಹಾಕಿದ ಮದ್ದು ಅದು. ಇವತ್ತು ಬೆಳಿಗ್ಗೆ ಗೊತ್ತಾಯ್ತು."

ಅವಳು ಎಲ್ಲೋ ಮೂಲೆಗೆ ಸರಿದಿರಬೇಕು, ಗಲಾಟೆ ದೂರವಾಯಿತು. "ಯಾರಿಗೆ ಗೊತ್ತು?"

"ನನಗೊಬ್ಬನಿಗೆ."

"ಹೇಳ್ತೀರಾ?"

"ಹೇಳಬೇಕು ಅನ್ಸುತ್ತೆ."

"ರೀ, ಇಲ್ಲಿ ಕೇಳಿ. ಇವತ್ತೊಂದು ದಿನ ಬಾಯಿ ಮುಚ್ಕೊಂಡಿರಿ. ಮದುವೆ ಆದಾಗಿಂದ ಮುಚ್ಕೊಂಡೇ ಇದ್ದೀರಿ, ಎಲ್ಲರ ಹತ್ರಾನೂ. ನಾನೇ ಬೈದೆ, ಕಣ್ಣೀರು ಹಾಕಿದೆ, ಕೈ ಮುಗಿದೆ, ಒಂದು ದಿನವಾದ್ರೂ ಮಾತಾಡಿ ಅಂದೆ. ಆಗೆಲ್ಲ ಆಗಲಿಲ್ಲ. ಈಗ ಕಾಯಂ ಆಗೋ ದಿನವೇ ನಿಮಗೆ ಬಾಯಿ ಬರಬೇಕಾ?" ಅವಳ ಧ್ವನಿ ಒಡೆಯಿತು, ಅವಳು ಅದನ್ನು ಕೆಮ್ಮಿನಲ್ಲಿ ಮುಚ್ಚಿದಳು. "ಗಂಟೆ ಹೊಡೀತು, ಇಡ್ತೀನಿ. ಊಟ ಮಾಡಿ."

ಸಮಿತಿಯವರು ಬಂದರು. ಎಲ್ಲರೂ ಹೊಟ್ಟೆ ತುಂಬಿಸಿಕೊಂಡು ಬಂದಿದ್ದರು, ವಿಜ್ಞಾನದ ಮೇಲೆ ಪ್ರೀತಿ ಹುಟ್ಟುವ ಹೊತ್ತು ಅದೇ. ಅಧ್ಯಕ್ಷೆಯಾದ ಮೇಡಂ ಆಡಳಿತದವರು. ಅವರ ಪಕ್ಕದಲ್ಲಿ ಒಬ್ಬ ಹಿರಿಯ ವಿಜ್ಞಾನಿ, ಕೂತ ತಕ್ಷಣ ಗಲ್ಲ ಎದೆಗೆ ತಾಗಿಸಿ ಕಣ್ಣು ಮುಚ್ಚಿದರು. ಇನ್ನಿಬ್ಬರು ಮೇಡಂ ಯಾವ ಕಡೆ ತಿರುಗುತ್ತಾರೋ ಆ ಕಡೆ ತಿರುಗುವುದಕ್ಕೆ ಬಂದವರು. ಪರದೆ ಎಳೆದು ಕತ್ತಲೆ ಮಾಡಿದರು. ಗೋಡೆಯ ಮೇಲೆ ಒಂಬತ್ತು ಸಾಲುಗಳು ಆಳೆತ್ತರ ನಿಂತವು. ದೊಡ್ಡವರು ಕಿರಣ ಅಂತಲೇ ಅಂದರು. ಮೇಡಂ ನೋಟು ಮಾಡಿಕೊಂಡರು. ಅವನು ಹಿಂದಿನ ಸಾಲಿನಲ್ಲಿ, ವಟವಟಳ ಪಕ್ಕ, ಎರಡು ಕೈಗಳನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದ. ಚಿತ್ರದ ಬಲ ಅಂಚಿನಲ್ಲಿ, ತಾನು ಕತ್ತರಿಸಿದ ಕಡೆ, ಒಂದು ತೆಳ್ಳನೆಯ ನೀಲಿ ಎಳೆ ಉಳಿದುಬಿಟ್ಟಿತ್ತು. ಸರಿಯಾಗಿ ಎಳೆದಿರಲಿಲ್ಲ. ಆಳೆತ್ತರದ ಚಿತ್ರದಲ್ಲಿ ಅದು ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ ಬಟ್ಟೆಯ ತುದಿಯ ಹಾಗೆ ಕಾಣುತ್ತಿತ್ತು. ಯಾರಾದರೂ ಕೇಳುತ್ತಾರೆ, ಈಗ ಕೇಳುತ್ತಾರೆ, ಅದೇನು ಅಂತ ಕೇಳಿಯೇ ಕೇಳುತ್ತಾರೆ ಎಂದು ಅವನು ಮುಂದೆ ಕೂತವರ ತಲೆಗಳನ್ನು ಒಂದೊಂದಾಗಿ ನೋಡುತ್ತಿದ್ದ. ಕೇಳಿದರೆ ಹೇಳಬಹುದು, ಕೇಳಿದ್ದಕ್ಕೆ ಉತ್ತರ ಕೊಡುವುದು ಅವನಿಗೆ ಅಭ್ಯಾಸವಿತ್ತು, ತಾನಾಗಿ ಹೇಳುವುದೇ ಗೊತ್ತಿರಲಿಲ್ಲ.

"ಒಂದು ಪ್ರಶ್ನೆ" ಎಂದರು ಮೇಡಂ. ಅವನು ಮುಂದಕ್ಕೆ ಬಾಗಿದ. "ಇದು ನೀಲಿಯಲ್ಲೇ ಬರಬೇಕಾ? ನಮ್ಮ ವಾರ್ಷಿಕ ವರದಿ ಈ ಸಲ ಪೂರ್ತಿ ಹಸಿರು."

"ಹಸಿರಿಗೂ ಪ್ರಯತ್ನ ಮಾಡಬಹುದು ಮೇಡಂ" ಅಂದರು ದೊಡ್ಡವರು. ಇನ್ನಿಬ್ಬರಲ್ಲಿ ಒಬ್ಬರು, ವರ್ಷಕ್ಕೆ ಎಷ್ಟು ಜೆಲ್ಲು ಮಾಡುತ್ತೀರಿ, ಬೇರೆ ಲ್ಯಾಬಿಗಿಂತ ಜಾಸ್ತಿಯೋ ಕಮ್ಮಿಯೋ ಎಂದು ಕೇಳಿದರು. ಇನ್ನೊಬ್ಬರು ಕೆರಳಿಸುವುದರಿಂದ ಕಣಗಳಿಗೆ ನೋವಾಗುವುದಿಲ್ಲ ತಾನೆ ಎಂದರು. ಹಿರಿಯರು ಸಣ್ಣಗೆ ಸಿಳ್ಳೆ ಹಾಕಿದ ಹಾಗೆ ಉಸಿರಾಡುತ್ತಿದ್ದರು. ಅಂಚಿನ ನೀಲಿ ಎಳೆ ಯಾರ ಕಣ್ಣಿಗೂ ಬೀಳಲಿಲ್ಲ. ಅವನಿಗೆ ಬೆನ್ನು ಸಡಿಲವಾಯಿತು. ಮುಗಿಯಿತು, ಹೇಳುವ ಕಾಲ ದಾಟಿತು, ನನ್ನ ತಪ್ಪಿಲ್ಲ, ಯಾರೂ ಕೇಳಲಿಲ್ಲ. ಅಷ್ಟರಲ್ಲಿ ದೊಡ್ಡವರು ದೀಪ ಹಾಕಿಸಿ, ಅವನ ಕಡೆ ಕೈ ಚಾಚಿ, "ಕೊನೆಯದಾಗಿ ಒಬ್ಬರ ಪರಿಚಯ. ಏಳಯ್ಯಾ, ಎದ್ದು ನಿಲ್ಲು. ನೀವು ನೋಡಿದ ಆ ಕಿರಣ ಹುಟ್ಟಿದ್ದು ಇವನ ರಕ್ತದಲ್ಲಿ. ಬೇರೆ ಯಾರದರಲ್ಲೂ ಇಷ್ಟು ಬಲವಾಗಿ ಬರಲ್ಲ. ನೋಡೋಕೆ ತಣ್ಣೀರು, ಒಳಗೆ ಕೆಂಡ!" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ವಟವಟ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಚಪ್ಪಾಳೆಗೆ ಹಿರಿಯರಿಗೆ ಎಚ್ಚರವಾಗಿ, ಎದುರಿಗೆ ನಿಂತವನನ್ನು ನೋಡಿ, ಅವರೂ ತಟ್ಟಿದರು. ಗೇಟಿನ ಬಳಿ ಸೈಕಲ್ಲು ಹೊತ್ತು ಕೈ ಬೀಸುವಾಗ ಮುಖದ ಮೇಲೆ ಬರುವ ನಗು ಈಗಲೂ ಬಂತು. ಅದು ಬಂದದ್ದು ಅವನಿಗೆ ಗೊತ್ತಾಯಿತು. ಕೆನ್ನೆಯ ಸ್ನಾಯು ಒಂದೊಂದಾಗಿ ಎಳೆಯುವುದು ಗೊತ್ತಾಯಿತು. ಅದನ್ನು ತಡೆದುಕೊಳ್ಳಲಾರದೆ,

"ಅದು ನನ್ನದಲ್ಲ" ಅಂದ.

ವಿನಯ ಅಂದುಕೊಂಡು ಮೇಡಂ ಮುಗುಳ್ನಕ್ಕರು. ಅವನಿಗೆ ರೇಗಿತು. "ನನ್ನದಲ್ಲ ಅಂತ ಹೇಳ್ತಿದ್ದೀನಿ! ಅದು ಕಣದ್ದೇ ಅಲ್ಲ. ನಾವು ಕೆರಳಿಸೋಕೆ ಹಾಕ್ತೀವಲ್ಲ, ಆ ಮದ್ದು ಅದು. ಬೀಜದ ಪ್ರೋಟೀನು. ಬರೀ ಮದ್ದನ್ನ ಒಂದು ಸಾಲಿಗೆ ಹಾಕಿದ್ದೆ, ರಕ್ತ ಏನೂ ಇಲ್ಲದೆ. ಅದೇ ಮಟ್ಟದಲ್ಲಿ ಅದೇ ಗೆರೆ ಬಂದಿದೆ. ಆ ಸಾಲನ್ನ ಕತ್ತರಿಸಿ ನಿಮಗೆ ತೋರಿಸಿದ್ದು. ಅಗೋ, ಅಲ್ಲಿ ಅಂಚಲ್ಲಿ ಒಂದು ಎಳೆ ಉಳಿದಿದೆ. ನಾನೇ ಕತ್ತರಿಸಿದ್ದು. ಹೊಸದು ಏನೂ ಇಲ್ಲ ಇಲ್ಲಿ. ಇಷ್ಟು ವರ್ಷದಿಂದ ಏನೂ ಇಲ್ಲ."

ಅವನ ಧ್ವನಿ ಅವನಿಗೇ ಗುರುತು ಸಿಗಲಿಲ್ಲ. ಕಿವಿಯಲ್ಲಿ ರಕ್ತ ಹೊಡೆದುಕೊಳ್ಳುವುದು ಕೇಳಿಸುತ್ತಿತ್ತು. ವಟವಟಳ ಬಾಯಿ ಮೊದಲ ಸಲ ತೆರೆದು ಹಾಗೇ ನಿಂತಿತ್ತು. ದೊಡ್ಡವರ ಮುಖದಿಂದ ಬಣ್ಣ ಇಳಿಯಿತು. ಈಗ ಬೈಯುತ್ತಾರೆ, ಹೊರಗೆ ಹಾಕುತ್ತಾರೆ, ಲ್ಯಾಬು ಮುಚ್ಚುತ್ತದೆ. ಹೆಂಡತಿಗೆ ಏನು ಹೇಳಲಿ? ಆದರೆ ಹೇಳಿದೆನಲ್ಲ! ಎದೆಯೊಳಗೆ ಒಂದು ಅಗಲವಾದ ಜಾಗ ಬಿಚ್ಚಿಕೊಂಡಿತು. ಬೀದಿಗೆ ಬಿದ್ದರೂ ಸರಿ, ಆ ಜಾಗ ತನ್ನದು ಅನ್ನಿಸಿತು.

ಹಿರಿಯರು ಗಂಟಲು ಸರಿಮಾಡಿಕೊಂಡರು. "ಏನಪ್ಪಾ" ಅಂದರು ನಿಧಾನವಾಗಿ, "ಒಂದೇ ಮಟ್ಟದಲ್ಲಿ ನಿಂತ್ರೆ ಒಂದೇ ವಸ್ತು ಅಂತ ಯಾರು ಹೇಳಿದ್ದು ನಿನಗೆ? ಜೆಲ್ಲು ತೋರಿಸೋದು ತೂಕ. ನಾನೂ ನನ್ನ ಷಡ್ಡಕನೂ ಒಂದೇ ತೂಕ. ಹಾಗಂತ ನನ್ನ ಹೆಂಡತಿ ಅವನಿಗೆ ಕಾಫಿ ಕೊಡೋವಾಗ ನಾನು ಅಂದ್ಕೊಳ್ತಾಳಾ?"

ಇನ್ನಿಬ್ಬರು ನಕ್ಕರು. ಮೇಡಂ ನಕ್ಕ ಮೇಲೆ ಇನ್ನೊಮ್ಮೆ ನಕ್ಕರು.

"ಮದ್ದಿನ ಗೆರೆ ಅಲ್ಲಿರಬಹುದು" ಎಂದು ಹಿರಿಯರು ಮುಂದುವರಿದರು, "ಅದರ ಹಿಂದೆ ನಿನ್ನ ಹೊಸ ಪ್ರೋಟೀನೂ ಇರಬಹುದು. ಎರಡೂ ಒಂದೇ ಜಾಗದಲ್ಲಿ ಕೂತಿವೆ, ನಮಗೆ ಒಂದೇ ಅಂತ ಕಾಣುತ್ತೆ. ಇಲ್ಲ ಅಂತ ಸಾಬೀತು ಮಾಡಿದ್ದೀಯಾ?"

"ಇಲ್ಲ ಸಾರ್. ಆದ್ರೆ..."

"ಮತ್ತೆ?"

"ಅಂದ್ರೆ ಸಮಸ್ಯೆ ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡದು ಅಂತಾಯ್ತು" ಅಂದರು ಮೇಡಂ, ಮೆಚ್ಚುಗೆಯಿಂದ.

ದೊಡ್ಡವರ ಮುಖಕ್ಕೆ ಬಣ್ಣ ವಾಪಸ್ಸು ಬಂತು. ಅದು ಎಷ್ಟು ಬೇಗ ಬಂತೆಂದರೆ ಹೋಗಿತ್ತು ಅಂತ ಈಗ ಯಾರೂ ಆಣೆ ಇಟ್ಟು ಹೇಳುವ ಹಾಗಿರಲಿಲ್ಲ. "ಇದನ್ನೇ ನಾನು ಎರಡನೇ ಹಂತ ಅಂತ ಇಟ್ಟುಕೊಂಡಿದ್ದೆ ಮೇಡಂ. ಮದ್ದಿನ ಗೆರೆ, ಮನುಷ್ಯನ ಗೆರೆ, ಎರಡರ ತುಲನೆ. ಇವತ್ತೇ ಹೇಳಿದ್ರೆ ಹೆಚ್ಚಾಯ್ತೇನೋ ಅಂತ ಸುಮ್ಮನಿದ್ದೆ. ಇವನಿಗೆ ತಡೆಯಲಿಲ್ಲ ನೋಡಿ. ನಮ್ಮ ಲ್ಯಾಬಲ್ಲಿ ಹುಡುಗರನ್ನ ಹೀಗೇ ಬೆಳೆಸಿದ್ದೀನಿ, ತಮ್ಮ ಕೆಲಸವನ್ನ ತಾವೇ ಅನುಮಾನದಿಂದ ನೋಡ್ತಾರೆ."

ಹುಡುಗ ನಿಂತೇ ಇದ್ದ. ನಲವತ್ತೇಳು ವರ್ಷದ ಹುಡುಗ. ಎದೆಯೊಳಗೆ ಬಿಚ್ಚಿಕೊಂಡಿದ್ದ ಜಾಗಕ್ಕೆ ಒಬ್ಬೊಬ್ಬರಾಗಿ ಚಪ್ಪಲಿ ಹಾಕಿಕೊಂಡೇ ನುಗ್ಗಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಮೇಡಂ ಹೇಳುತ್ತಿದ್ದರು: ಈ ಕೆಲಸಕ್ಕೆ ಇವರೇ ಬೇಕು, ರಕ್ತವೂ ಇವರದು, ಸಂಶಯವೂ ಇವರದು, ಇಂಥ ಪ್ರಾಮಾಣಿಕರನ್ನು ತಾತ್ಕಾಲಿಕ ಅಂತ ಇಟ್ಟುಕೊಂಡರೆ ನಾಳೆ ಇನ್ನೊಂದು ಸಂಸ್ಥೆ ಎತ್ತಿಕೊಂಡು ಹೋಗುತ್ತದೆ, ಕಾಯಂ ಮಾಡುವುದಕ್ಕೆ ಯಾರದಾದರೂ ಅಡ್ಡಿ ಇದೆಯೇ? ಯಾರದೂ ಇರಲಿಲ್ಲ. ಇನ್ನಿಬ್ಬರು ಆಗಲೇ ಗೋಣು ಹಾಕುತ್ತಿದ್ದರು. ಇಷ್ಟೇನಾ? ತನ್ನ ಜೀವಮಾನದ ಒಂದೇ ಒಂದು ಸಿಟ್ಟು, ಚಹಾ ಬರುವಷ್ಟರಲ್ಲಿ ಯೋಜನೆಯ ಎರಡನೇ ಹಂತವಾಗಿತ್ತು.

ಆಗ ಅವನಿಗೆ ಹೊಳೆಯಿತು. ತೀರಾ ಸುಲಭ. ಕಣಗಳನ್ನು ಮೊದಲೇ ಕೊಂದುಬಿಡುವುದು, ಆ ಸತ್ತ ಕಣಗಳ ಮೇಲೆ ಇದೇ ಮದ್ದು ಸುರಿದು, ತೊಳೆದು, ಜೆಲ್ಲಿಗೆ ಹಾಕುವುದು. ಸತ್ತವು ಹೊಸದೇನನ್ನೂ ಹಡೆಯುವುದಿಲ್ಲ. ಆದರೂ ಅಷ್ಟೇ ದಪ್ಪದ ಗೆರೆ ಬಂದರೆ ಅದು ಅಂಟಿಕೊಂಡ ಮದ್ದು, ಇನ್ನೇನೂ ಅಲ್ಲ, ಚರ್ಚೆಯೇ ಬೇಡ. ಫ್ರೀಜರಿನಲ್ಲಿ ಕಣಗಳಿವೆ. ಒಂದು ದಿನದ ಕೆಲಸ. ನಾಳೆ ಬೆಳಿಗ್ಗೆ ಶುರು ಮಾಡಿದರೆ ದೀಪ ಹಚ್ಚುವ ಹೊತ್ತಿಗೆ ಎಲ್ಲರಿಗೂ ಉತ್ತರ ಗೊತ್ತಾಗುತ್ತದೆ. ಹೇಳಲು ಬಾಯಿ ತೆರೆದ. ತೆರೆದವನಿಗೆ ಹಿರಿಯರ ಮಾತು ನೆನಪಾಯಿತು: ಅದರ ಹಿಂದೆ ನಿನ್ನದೂ ಇರಬಹುದು. ಇರಬಹುದಲ್ಲ? ಬೀಜದ ಗೆರೆಯ ಬೆನ್ನ ಹಿಂದೆ, ಅದರ ನೆರಳಲ್ಲಿ, ತೆಳ್ಳಗೆ, ಯಾರಿಗೂ ಕಾಣದ ಹಾಗೆ, ತನ್ನದೇ ಆದ ಒಂದು. ಇಲ್ಲ ಅಂತ ಯಾರು ತಾನೆ ಸಾಬೀತು ಮಾಡಿದ್ದಾರೆ?

"ಎರಡನ್ನೂ ಬೇರೆ ಮಾಡಿ ತೋರಿಸೋಕೆ ಮೂರು ವರ್ಷ ಸಾಕೇನಪ್ಪಾ?" ಹಿರಿಯರು ಕೇಳಿದರು. ಮೇಡಂ ಪೆನ್ನು ಹಿಡಿದು ಕಾದರು. ದೊಡ್ಡವರು ಮೇಡಂಗೆ ಕಾಣದ ಹಾಗೆ ಅವನತ್ತ ಕಣ್ಣು ಅಗಲಿಸಿದರು.

"ಮೂರರಲ್ಲಿ ಕಷ್ಟ ಸಾರ್" ಅಂದ. "ಐದಾದ್ರೆ ನೋಡಬಹುದು."

ಧ್ವನಿ ಎಲ್ಲೂ ನಡುಗಲಿಲ್ಲ.